ಸಾರಕ್ಕಿಯಲ್ಲಿ ನೀರಿಗಿಳಿದ ಯುದ್ಧನೌಕೆ

ಸಾರಕ್ಕಿಯಿಂದ ಸಮುದ್ರ ಎಷ್ಟು ದೂರ? ಯಾವ ದಿಕ್ಕಿಗೆ ಬಸ್ಸು ಹತ್ತಿದರೂ ಒಂದು ಇಡೀ ದಿನದ ದಾರಿ. ಇರುವ ಒಂದು ಕೆರೆಯಲ್ಲಿ ಆಗಲೇ ನೀರಿಗಿಂತ ಜೊಂಡು ಜಾಸ್ತಿ. ಇಂಥ ಜಾಗದಲ್ಲಿ ನಮ್ಮ ಸೋದರಮಾವ ಒಂದು ಯುದ್ಧನೌಕೆ ಕಟ್ಟಿ, ಶಾಸ್ತ್ರೋಕ್ತವಾಗಿ ನೀರಿಗಿಳಿಸಿದರು ಅಂದರೆ ನೀವು ನಂಬಲ್ಲ. ನಂಬಬೇಡಿ, ನನಗೇನೂ ನಷ್ಟ ಇಲ್ಲ! ಆದರೆ ನಮ್ಮ ಮನೆ ಕಾಂಪೌಂಡಿನ ಗೋಡೆ ಮುಕ್ಕಾಲು ಪಾಲು ಹಳೇ ಕಲ್ಲು, ಕಾಲು ಪಾಲು ಹೊಸ ಇಟ್ಟಿಗೆ ಯಾಕಿದೆ ಅಂತ ಯಾರಾದರೂ ಕೇಳಿದರೆ ನಾನು ಈ ಕಥೆಯನ್ನೇ ಹೇಳಬೇಕು. ಬೇರೆ ಕಥೆ ನನ್ನ ಹತ್ತಿರ ಇಲ್ಲ.

ಮಾವ ಬೊಂಬಾಯಿ ಕಡೆ ಹಡಗು ಕಟ್ಟುವ ಯಾರ್ಡ್ ಒಂದರಲ್ಲಿ ಮೂವತ್ತು ವರ್ಷ ದುಡಿದವರು. ಅಲ್ಲಿ ಏನು ಕೆಲಸ ಅಂತ ಕೇಳಿದರೆ ಎದೆ ಮುಂದೆ ಮಾಡಿ, "ಲಾಂಚಿಂಗ್!" ಅನ್ನೋರು. ಯುದ್ಧನೌಕೆಯನ್ನು ಮೊದಲ ಸಲ ನೀರಿಗೆ ಇಳಿಸುವ ಸಮಾರಂಭ ಇದೆಯಲ್ಲ, ಅದು ಇವರ ಕೈಯಲ್ಲೇ ಇತ್ತು ಅಂತ ನಾವೆಲ್ಲ ತಿಳಿದುಕೊಂಡಿದ್ದೆವು. ಮದುವೆ ಆಗಿರಲಿಲ್ಲ. ಯಾಕೆ ಅಂದರೆ, "ಯಾರ್ಡ್‌ನಲ್ಲಿ ಒಂದು ಹಡಗು ಇಳಿಸೋ ಹೊತ್ತಿಗೆ ಇನ್ನೊಂದು ರೆಡಿ ಇರ್ತಿತ್ತು, ಪುರುಸೊತ್ತೇ ಸಿಗ್ಲಿಲ್ಲ" ಅನ್ನೋರು. ರಿಟೈರ್ ಆದಮೇಲೆ ಒಂದು ತಗಡಿನ ಟ್ರಂಕು, ತೆಂಗಿನಕಾಯಿಗಿಂತ ದೊಡ್ಡದೊಂದು ಮರದ ಸುತ್ತಿಗೆ ಹಿಡಿದುಕೊಂಡು ಸಾರಕ್ಕಿಯ ನಮ್ಮ ಮನೆಗೆ ಬಂದು ಇಳಿದರು. ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಜಯನಗರದಲ್ಲಿ ಬಿ.ಕಾಂ. ಓದುತ್ತಿದ್ದೆ. ಅಪ್ಪ ಹೋಗಿ ಒಂದು ವರ್ಷವಾಗಿತ್ತು.

ಅಪ್ಪ ಹೋದಮೇಲೆ ಅಮ್ಮ ಮನೆಯಲ್ಲಿ ತನಗೊಂದು ಜಾಗ ಗೊತ್ತುಮಾಡಿಕೊಂಡುಬಿಟ್ಟಿದ್ದಳು: ಅಡುಗೆಮನೆ ಬಾಗಿಲ ಹಿಂದೆ. ಅಲ್ಲಿ ನಿಲ್ಲು ಅಂತ ಯಾರೂ ಹೇಳಿರಲಿಲ್ಲ. ಮನೆಗೆ ಯಾರಾದರೂ ಬಂದರೆ ಬಾಗಿಲ ಸಂದಿಯಿಂದಲೇ ಮಾತು. ಬೀದಿಯಲ್ಲಿ ಯಾರ ಮನೆಯ ನಾಮಕರಣ, ಯಾರ ಮನೆಯ ಸೀಮಂತಕ್ಕೆ ಕರೆದರೂ, "ನಾನ್ಯಾಕೆ ಬಿಡಮ್ಮ, ನೀನೇ ಹೋಗಿ ಬಾ" ಅಂತ ನನ್ನನ್ನು ದಬ್ಬೋಳು. ಅಪ್ಪ ಇದ್ದಾಗ ಇಡೀ ಬೀದಿಗೆ ಕೇಳುವ ಹಾಗೆ ನಗುತ್ತಿದ್ದವಳು! ನನಗೆ ಮೈಯೆಲ್ಲ ಉರಿಯೋದು. ಜಗಳ ಆಡಿದೆ, ಅತ್ತು ಕರೆದೆ, ಎರಡು ಹೊತ್ತು ಊಟ ಬಿಟ್ಟೆ. ಅಮ್ಮ ಬಾಗಿಲ ಹಿಂದಿನಿಂದಲೇ ತಟ್ಟೆ ಚಾಚಿದಳು.

ಮಾವ ಬುದ್ಧಿ ಹೇಳೋಕೆ ಹೋಗಲಿಲ್ಲ. ಅವರು ಶುರು ಮಾಡಿದ್ದು ಸಮಾರಂಭಗಳನ್ನ.

ಮನೆಗೆ ಕಂತಿನಲ್ಲಿ ಅಲ್ಲದೆ, ಮಾವನ ರಿಟೈರ್‌ಮೆಂಟ್ ದುಡ್ಡಿನ ಕೃಪೆಯಿಂದ ಒಂದು ಫ್ರಿಜ್ ಬಂತು. ಅಂಗಡಿಯವನು ಪ್ಲಗ್ ಹಾಕೋಕೆ ಹೋದ. ಮಾವ ಅಡ್ಡ ನಿಂತರು. "ಮುಟ್ಬೇಡಪ್ಪ! ಇನ್ನೂ ಲಾಂಚ್ ಆಗಿಲ್ಲ."

"ಏನಾಗಿಲ್ಲ ಸಾರ್?"

"ಲಾಂಚ್! ಯುದ್ಧನೌಕೆ ಆಗ್ಲಿ, ಫ್ರಿಜ್ ಆಗ್ಲಿ, ಹೆಂಗಸಿನ ಕೈಯಲ್ಲಿ ಕಾಯಿ ಒಡೆಸದೆ ಚಾಲೂ ಮಾಡಬಾರದು. ಅಡ್ಮಿರಲ್ಲೇ ಬಂದ್ರೂ ಪಕ್ಕಕ್ಕೆ ನಿಂತ್ಕೊಂಡು ಚಪ್ಪಾಳೆ ತಟ್ಟಬೇಕು ಅಷ್ಟೆ. ಇಳಿಸೋಳು ಲೇಡಿ. ಅದು ರೂಲು." ಆಮೇಲೆ ಅಡುಗೆಮನೆ ಕಡೆ ತಿರುಗಿ, "ಏನಮ್ಮಾ, ಬರ್ತೀಯಾ?" ಅಂದರು.

"ನನ್ನ ಕೈಲಿ ಬೇಡ ಅಣ್ಣ. ಪಕ್ಕದ ಮನೆಯವರನ್ನ ಕರಿ, ಮುತ್ತೈದೆ" ಅಂತ ಬಾಗಿಲ ಹಿಂದಿನಿಂದ ಉತ್ತರ ಬಂತು.

"ಸರಿ. ಲೇಡಿ ಬರೋ ತನಕ ಲಾಂಚ್ ಇಲ್ಲ" ಅಂತ ಮಾವ ಪೇಪರ್ ಓದೋಕೆ ಕೂತರು. ಫ್ರಿಜ್ ಹದಿನೈದು ದಿನ ಹಾಲ್‌ನಲ್ಲಿ ರಟ್ಟಿನ ಡಬ್ಬದೊಳಗೆ ನಿಂತಿತ್ತು! ಬೇಸಿಗೆ ಬೇರೆ. ಬಂದವರೆಲ್ಲ ಅದರ ಮೇಲೆ ಬ್ಯಾಗ್ ಇಡೋರು. ಹದಿನಾರನೇ ದಿನ ಮಜ್ಜಿಗೆ ಹುಳಿ ಹುಳಿ ಆಗಿ ನನ್ನ ತಲೆ ಕೆಟ್ಟು ನಾನೇ ಪ್ಲಗ್ ಹಾಕಿದೆ. ಮಾವ ಮೂರು ದಿನ ಅದರೊಳಗಿನ ನೀರು ಕುಡಿಯಲಿಲ್ಲ.

ಹೊಸದಕ್ಕೆ ಮಾತ್ರ ಅಲ್ಲ, ಹಳೆಯದಕ್ಕೂ ಶಾಸ್ತ್ರ ಇತ್ತು. ನಮ್ಮ ಹಳೇ ಮಿಕ್ಸಿ ಕೆಟ್ಟಾಗ ಗುಜರಿಯವನಿಗೆ ಕೊಡೋಣ ಅಂದೆ. ಹಾಗೆಲ್ಲ ಕೊಡೋ ಹಾಗಿಲ್ಲವಂತೆ. ಸೇವೆಯಿಂದ ನಿವೃತ್ತಿ ಆಗೋ ಹಡಗಿನ ಬಾವುಟವನ್ನ ಸರಿಯಾಗಿ ಸೂರ್ಯ ಮುಳುಗೋ ಹೊತ್ತಿಗೆ ಇಳಿಸಬೇಕಂತೆ. ಮಿಕ್ಸಿಗೆ ಬಾವುಟ ಎಲ್ಲಿಂದ ತರೋಣ? ಅದರ ವೈರನ್ನೇ ಮಡಚಿ, ಸಂಜೆ ಟೆರೇಸಿನಲ್ಲಿ ಸೆಲ್ಯೂಟ್ ಹೊಡೆದು ಬೀಳ್ಕೊಟ್ಟರು. ಗುಜರಿಯವನು ಗಾಬರಿಯಾಗಿ, "ಏನ್ ಸಾರ್, ಇದರೊಳಗೆ ಏನಾದ್ರೂ ಇದೆಯಾ?" ಅಂತ ಎರಡು ಸಲ ಅಲ್ಲಾಡಿಸಿ ನೋಡಿದ.

ಹೀಗೆ ಹಡಗಿನ ಶಾಸ್ತ್ರಗಳ ಬಗ್ಗೆ ಅವರ ಹತ್ತಿರ ಇಲ್ಲದ ಮಾತೇ ಇರಲಿಲ್ಲ. "ಮೊದ್ಲು ಮಂತ್ರ. ಆಮೇಲೆ ಒಂದು ನಿಮಿಷ ಗಪ್‌ಚುಪ್. ಆಮೇಲೆ ಟಪ್ ಅಂತ ಕಾಯಿ! ಬ್ಯಾಂಡು ಜೋರು! ಜನ ಹೋ ಅಂತಾರೆ. ಆಮೇಲೆ ಗುಡುಗಿನ ಹಾಗೆ ಒಂದು ಸದ್ದು, ಹಡಗು ಜಾರ್ತಾ ಇರೋದು!" ಅಂತ ಕಣ್ಣು ಮುಚ್ಚಿಕೊಂಡು ಹೇಳೋರು. ನಾನು ಒಂದು ಸಲ, "ಆ ಲೇಡಿ ಯಾವ ಸೀರೆ ಉಟ್ಕೊಂಡಿರ್ತಿದ್ರು ಮಾವ? ಮೈಸೂರ್ ಸಿಲ್ಕಾ?" ಅಂತ ಕೇಳಿದೆ. ಹುಡುಗಿಯರು ಕೇಳುವ ಸಾಮಾನ್ಯ ಪ್ರಶ್ನೆ ತಾನೇ? ಮಾವ ಸಿಡುಕಿಬಿಟ್ಟರು. "ಹಡಗಿನ ಬಗ್ಗೆ ಹೇಳ್ತಾ ಇದ್ರೆ ಸೀರೆ ಅಂತೀಯಲ್ಲ!" ಅಂತ ಎದ್ದು ಹೋದರು.

ಇನ್ನು ಯುದ್ಧನೌಕೆಯ ವಿಚಾರಕ್ಕೆ ಬರ್ತೀನಿ.

ನಮ್ಮ ಮಹಡಿ ರೂಮಿನಲ್ಲಿ ಬಾಗಲಕೋಟೆ ಕಡೆಯವರೊಬ್ಬರು ಬಾಡಿಗೆಗಿದ್ದರು. ಬಿ.ಟಿ.ಎಂ. ಲೇಔಟಿನ ಯಾವುದೋ ಆಫೀಸಿನಲ್ಲಿ ಕೆಲಸ. ಹೆಸರು ಹಿಡಿದು ಕರೆಯೋದು ಬಿಟ್ಟು ನಾವೆಲ್ಲ ಅವರನ್ನ ಬಾಗಲಕೋಟೆ ಅಂತಲೇ ಕರೀತಿದ್ದೆವು, ಅವರೂ ಓ ಅನ್ನುತ್ತಿದ್ದರು. ಒಂದು ಭಾನುವಾರ ಅಮ್ಮನ ಇಡ್ಲಿ ಎಂಟು ತಿಂದು, ಒಂಬತ್ತನೆಯದನ್ನು ಕೈಯಲ್ಲಿ ಹಿಡಿದುಕೊಂಡು, "ಅಕ್ಕಾರ, ಇದನ್ನ ಸರ್ಕಲ್‌ನ್ಯಾಗ ಇಟ್ಕೊಂಡು ನಿಂತ್ರ ಮಂದಿ ಪಾಳಿ ಹಚ್ಚತಾರ ನೋಡ್ರಿ. ಇಷ್ಟು ಮೆತ್ತಗಿನ ಇಡ್ಲಿ ಈ ಊರಾಗ ನಾ ಎಲ್ಲೂ ತಿಂದಿಲ್ಲ" ಅಂದರು.

ಅಮ್ಮ ಬಾಗಿಲ ಹಿಂದಿನಿಂದ ಹತ್ತನೆಯದನ್ನು ಚಾಚಿದಳು. ಆ ದಿನ ಸಂಜೆ ನನ್ನ ಹತ್ತಿರ ಮೆಲ್ಲಗೆ, "ಬೆಳಿಗ್ಗೆ ಹೊತ್ತು ಒಂದು ಗಾಡಿ ಇಟ್ರೆ ಹೆಂಗೆ? ನಾನು ಹಿಂದೆ ಕೂತು ಮಾಡಿಕೊಡ್ತೀನಿ, ಮುಂದೆ ಯಾರನ್ನಾದ್ರೂ ನಿಲ್ಲಿಸಿದ್ರಾಯ್ತು" ಅಂದಳು. ಅಪ್ಪ ಹೋದಮೇಲೆ ಅವಳು ಬೇಕು ಅಂತ ಬಾಯಿಬಿಟ್ಟು ಹೇಳಿದ ಮೊದಲ ಮಾತು ಅದು. ನಾನು ಓಡಿಹೋಗಿ ಮಾವನಿಗೆ ಹೇಳಿದೆ. ಅದೇ ತಪ್ಪಾಗಿದ್ದು!

ಸುಮ್ಮನೆ ಒಂದು ತಳ್ಳುಗಾಡಿ ತಂದಿದ್ದರೆ ಎರಡು ದಿನದಲ್ಲಿ ಮುಗಿಯೋದು. ಮಾವ ಟ್ರಂಕಿನಿಂದ ಒಂದು ಉದ್ದದ ಕಾಗದ ತೆಗೆದು, ಗಾಡಿಗೆ ಥೇಟ್ ಯುದ್ಧನೌಕೆಯ ನಕ್ಷೆ ಬರೆದರು. ಮಾರನೇ ವಾರ "ಸ್ಟೀಲ್ ಕತ್ತರಿಸುವ ಸಮಾರಂಭ" ಅಂತ ಪೋಸ್ಟ್‌ಕಾರ್ಡಿನಲ್ಲಿ ಆಹ್ವಾನ ಬರೆದರು. ಒಂದೇ ಮನೆಯಲ್ಲಿ ಇರುವ ನನಗೂ ಪೋಸ್ಟ್‌ನಲ್ಲೇ ಬಂತು! ಹಿತ್ತಲಲ್ಲ, ಗೇಟಿನ ಒಳಗಿನ ಅಂಗಳವೇ ಯಾರ್ಡ್. ನಾಲ್ಕು ಕುರ್ಚಿ. ನಾನು, ಬಾಗಲಕೋಟೆ, ಪಕ್ಕದ ಮನೆ ಆಂಟಿ, ನಾಲ್ಕನೇ ಕುರ್ಚಿ ಅಮ್ಮನಿಗೆ ಅಂತ ಖಾಲಿ. ವೆಲ್ಡಿಂಗ್ ಅಂಗಡಿಯಿಂದ ತಂದ ಕಟರ್ ಹಿಡಿದು ಮಾವ ಒಂದು ತಗಡನ್ನ ಕಿಡಿ ಹಾರಿಸಿ ಕತ್ತರಿಸಿದರು. ನಾವು ಮೂರು ಜನ ಚಪ್ಪಾಳೆ ತಟ್ಟಿದೆವು. ಬೀದಿನಾಯಿ ಓಡಿಹೋಯಿತು.

ಆಮೇಲೆ ಕೀಲ್ ಇಡೋದು. ಕೀಲ್ ಅಂದರೆ ಹಡಗಿನ ಬೆನ್ನುಮೂಳೆ, ತಳದ ಉದ್ದನೆ ತೊಲೆ. ಅದರ ಕೆಳಗೆ ಅದೃಷ್ಟಕ್ಕೆ ಒಂದು ನಾಣ್ಯ ಇಡೋದು ಪದ್ಧತಿ. ಮಾವ ಅಡುಗೆಮನೆ ಕಿಟಕಿ ಹತ್ತಿರ ಹೋಗಿ ಅಂಗೈ ಚಾಚಿದರು. ಅಮ್ಮ ತುಂಬ ಹೊತ್ತು ಒಳಗೆ ಏನೋ ಹುಡುಕಿ, ಒಂದು ರೂಪಾಯಿ ತಂದು ಸರಳಿನ ಸಂದಿಯಿಂದ ಕೊಟ್ಟಳು. ಅಪ್ಪನ ಕೊನೆಯ ಷರ್ಟನ್ನ ಒಗೆಯೋಕೆ ಹಾಕುವಾಗ ಜೇಬಿನಲ್ಲಿ ಸಿಕ್ಕಿದ್ದು ಅದು. ಮಾವ ಅದನ್ನ ಗಾಡಿಯ ನಡುತೊಲೆಗೆ ತಗಡು ಮುಚ್ಚಿ ಬೆಸುಗೆ ಹಾಕಿಬಿಟ್ಟರು. ಆ ದಿನ ಮಾತ್ರ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮುಂದಿನ ನಾಲ್ಕು ತಿಂಗಳು ನಮ್ಮ ಬೀದಿಗೆ ನಿದ್ದೆ ಇಲ್ಲ. ಇಡ್ಲಿ ಗಾಡಿಗೆ ಡಬಲ್ ತಳ! ಚಟ್ನಿಗೆ ಒಂದು, ಸಾಂಬಾರಿಗೆ ಒಂದು, ನೀರು ನುಗ್ಗದ ಪ್ರತ್ಯೇಕ ಕೋಣೆ!

"ಕಾಕಾ, ಇದು ಇಡ್ಲಿ ಗಾಡಿ ಏನ್ರಿ, ಟ್ಯಾಂಕರ ಏನ್ರಿ?" ಅಂದರು ಬಾಗಲಕೋಟೆ.

"ಟಾರ್ಪಿಡೊ ಬಂದು ಹೊಡೆದ್ರೂ ಚಟ್ನಿ ಚೆಲ್ಲಲ್ಲ, ಗೊತ್ತಾ?"

"ಸಾರಕ್ಕಿ ಸರ್ಕಲ್‌ನ್ಯಾಗ ಟಾರ್ಪಿಡೊ ಯಾರು ಹೊಡಿತಾರ್ರಿ?"

"ಬಿ.ಟಿ.ಎಸ್. ಬಸ್ ಬರಲ್ವೇನಯ್ಯ?" ಬಾಗಲಕೋಟೆ ಆ ಮಾತಿಗೆ ಒಪ್ಪಲೇಬೇಕಾಯಿತು.

ಹೆಸರಿನ ಗಲಾಟೆ ಬೇರೆ. ಮಾವ "ರಣಭೈರವಿ" ಅಂದರು. ಅಮ್ಮ ಬೇಡ ಅಂದಳು. "ವೈರಿಮರ್ದಿನಿ"? "ಅಣ್ಣ, ಅದನ್ನ ನೋಡಿ ಇಡ್ಲಿ ತಿನ್ನೋರು ಓಡಿಹೋಗ್ತಾರೆ!" ಅಂತ ಒಳಗಿನಿಂದ ಕೂಗಿದಳು. ಕೊನೆಗೆ ಮಾವ, "ಹಡಗಿಗೆ ಹೆಸರಿಡೋ ಹಕ್ಕು ಇಳಿಸೋ ಲೇಡಿದು. ಅವಳು ಕೂಗಿದ್ದೇ ಹೆಸರು" ಅಂತ ಚರ್ಚೆ ಮುಗಿಸಿದರು.

ಬಣ್ಣ ಬಳಿದದ್ದಾಯಿತು. ಯುದ್ಧನೌಕೆಯ ಬೂದು ಬಣ್ಣವೇ, ಮತ್ತೇನು? ನಾಲ್ಕು ಚಕ್ರದ ಮೇಲೆ ನಮ್ಮ ಅಂಗಳ ತುಂಬ ನಿಂತಿತ್ತು. ಬಾಗಲಕೋಟೆ ಸುತ್ತು ಹಾಕಿ ನೋಡಿದರು. ಗೇಟ್ ನೋಡಿದರು. ಮತ್ತೆ ಗಾಡಿ ನೋಡಿದರು. ಗೇಟಿನ ಹತ್ತಿರ ಹೋಗಿ ಎರಡೂ ಕೈ ಚಾಚಿ, ಹಾಗೇ ಕೈ ಚಾಚಿಕೊಂಡೇ ಗಾಡಿಯ ಹತ್ತಿರ ಬಂದರು. ಗಾಡಿ ಅವರ ಕೈಯಿಂದ ಎರಡೂ ಕಡೆ ಒಂದೊಂದು ಗೇಣು ಆಚೆ ಇತ್ತು.

"ಕಾಕಾ," ಅಂದರು, "ಇದು ಹೊರಗ ಹ್ಯಾಂಗ ಹೋಗತೈತ್ರಿ?"

ಮೂವತ್ತು ವರ್ಷ ಹಡಗು ಕಟ್ಟಿದ ನಮ್ಮ ಮಾವ ಗೇಟಿನ ಅಗಲ ಅಳೆದೇ ಇರಲಿಲ್ಲ! ಆದರೆ ಸೋಲು ಒಪ್ಪೋ ಜನವೇ ಅಲ್ಲ ಅವರು. "ಯಾರ್ಡ್‌ಗೆ ಗೇಟ್ ಎಲ್ಲಿರತ್ತಯ್ಯ? ಮುಂದೆ ಸಮುದ್ರ ಇರತ್ತೆ. ಸಮುದ್ರದ ಅಗಲ ಯಾರಾದ್ರೂ ಅಳೀತಾರಾ?" ಅಂತ ನಮ್ಮನ್ನೇ ದಬಾಯಿಸಿದರು. ಆಗ ಅಡುಗೆಮನೆಯಿಂದ ಒಂದು ಸದ್ದು ಬಂತು. ಅಮ್ಮ ನಗುತ್ತಿದ್ದಳು. ಬೀದಿಗೆಲ್ಲ ಕೇಳುವ ಹಾಗೆ, ಬಿಕ್ಕಳಿಕೆ ಬರುವ ತನಕ ನಕ್ಕಳು. ಪಕ್ಕದ ಮನೆ ಆಂಟಿ ಕಾಂಪೌಂಡಿನ ಆಚೆಯಿಂದ, "ಯಾರ್ರೀ ಅದು ನಗ್ತಿರೋದು?" ಅಂತ ಇಣುಕಿದರು. ಆ ನಗುವಿಗೋಸ್ಕರ ಒಂದಲ್ಲ, ನಾಲ್ಕು ಗೋಡೆ ಬೇಕಾದರೂ ಒಡೆಯಬಹುದಿತ್ತು. ನಾವು ಒಂದು ಒಡೆದೆವು.

ಭಾನುವಾರ ಬೆಳಿಗ್ಗೆ ಲಾಂಚ್. ಒಡೆದ ಗೋಡೆಯಿಂದ ರಸ್ತೆಗೆ ಇಳಿಜಾರಾಗಿ ಎರಡು ಹಲಗೆ, ಅದರ ಮೇಲೆ ಗಾಡಿ. ಚಕ್ರಗಳಿಗೆ ಮರದ ಬೆಣೆ ಕೊಟ್ಟು ನಿಲ್ಲಿಸಿದ್ದೆವು. ಮಾವಿನ ತೋರಣ, ಚೆಂಡು ಹೂವು. ಶಾಮಿಯಾನದವನಿಂದ ತಂದ ಕುರ್ಚಿಗಳಲ್ಲಿ ಬೀದಿಯ ಜನ. ಕಾಸೆಟ್ಟಿನಲ್ಲಿ ನಾಗಸ್ವರ. ಪಕ್ಕದ ಮನೆ ಆಂಟಿ ಅಮ್ಮನ ಮಾತಿನಂತೆ ರೇಷ್ಮೆ ಸೀರೆ ಉಟ್ಟು, ಕಾಯಿ ಹಿಡಿದು ಮುಂದೆ ಬಂದು ನಿಂತರು. ಒಳ್ಳೆಯ ಹೆಂಗಸು, ಅವರದೇನೂ ತಪ್ಪಿರಲಿಲ್ಲ.

ಮಾವ ಕೈ ಮುಗಿದರು. "ನೋಡಿ ತಾಯಿ, ಹಡಗು ಇಳಿಸಿದ ಲೇಡಿಗೂ ಹಡಗಿಗೂ ಜನ್ಮಪೂರ್ತಿ ನಂಟು. ಹಡಗು ಇರೋ ತನಕ ಅದರ ಕಷ್ಟಸುಖ ಅವರದ್ದು. ದಿನಾ ಬೆಳಿಗ್ಗೆ ಆರು ಗಂಟೆಗೆ ನೀವು ಗಾಡಿ ಹತ್ರ ಬರ್ತೀರಾ?"

"ಆರು ಗಂಟೆಗಾ?" ಆಂಟಿ ಬೆಚ್ಚಿಬಿದ್ದರು. "ಅಯ್ಯೋ, ಅದು ನಲ್ಲೀಲಿ ನೀರು ಬಿಡೋ ಟೈಮು ಕಣ್ರೀ!" ಕಾಯಿಯನ್ನ ನನ್ನ ಕೈಗೆ ಕೊಟ್ಟು ಕುರ್ಚಿಯಲ್ಲಿ ಕೂತುಬಿಟ್ಟರು.

ಮಾವ ಒಳಗೆ ನೋಡಿ ಕರೆದರು. "ಬಾಮ್ಮ."

"ಬೇಡ ಅಣ್ಣ." ಅಡುಗೆಮನೆ ಬಾಗಿಲು ಇನ್ನಷ್ಟು ಮುಚ್ಚಿಕೊಂಡಿತು. "ಇಷ್ಟು ಕಷ್ಟಪಟ್ಟು ಮಾಡಿದೀಯ. ನನ್ನ ಕೈಯಿಂದ ಅದಕ್ಕೆ ಕೆಟ್ಟದ್ದಾದ್ರೆ?"

ನನಗೆ ಕೂಗಿಬಿಡೋಣ ಅನ್ನಿಸಿತು. ಜನ ಬೇರೆ ಕೆಮ್ಮುತ್ತಾ ಕೂತಿದ್ದರು. ಇವತ್ತು ಇವಳು ಬರದಿದ್ದರೆ ಇನ್ನು ಬರುವುದೇ ಇಲ್ಲ, ಆ ಬಾಗಿಲ ಹಿಂದೆಯೇ ಮುದುಕಿಯಾಗಿಬಿಡುತ್ತಾಳೆ. ಮಾವ ಮಾತ್ರ ವಾದ ಮಾಡಲಿಲ್ಲ. ಆ ದೊಡ್ಡ ಸುತ್ತಿಗೆ ತೆಗೆದುಕೊಂಡು, ಪಂಚೆ ಎತ್ತಿ ಕಟ್ಟಿ, ಬಗ್ಗಿ ಗಾಡಿಯ ಕೆಳಗೆ ನುಸುಳಿದರು.

"ಮಾವ, ಅಲ್ಲೇನು ಮಾಡ್ತಿದೀರಾ? ನಿಮಗೆ ಮುಂದೆ ಕುರ್ಚಿ ಹಾಕಿದೀವಿ!"

"ನನ್ನ ಜಾಗ ಇದೇ ಕಣೇ." ದನಿ ಕೆಳಗಿನಿಂದ ಬಂತು. "ಬೆಣೆ ಹೊಡೆದು ಬಿಡಿಸೋರು ಹಡಗಿನ ಕೆಳಗೇ ಇರೋದು. ಕತ್ತಲೆ ಇರತ್ತೆ. ಮೇಲೆ ಬ್ಯಾಂಡು ಕೇಳತ್ತೆ, ಕಾಯಿ ಒಡೆದ ಸದ್ದು ಕೇಳತ್ತೆ. ಆಮೇಲೆ ಹಡಗು ಹೊರಟುಹೋಗತ್ತೆ."

"ಅಂದ್ರೆ... ನೀವು ನೋಡಿಲ್ವಾ? ಒಂದೂ?"

ಕೆಳಗೆ ಸುತ್ತಿಗೆಯಿಂದ ಬೆಣೆಯನ್ನ ಮೆಲ್ಲಗೆ ಒಂದು ಸಲ ತಟ್ಟಿ ನೋಡಿದ ಸದ್ದು ಬಂತು. "ಅಷ್ಟು ದೊಡ್ಡ ಹಡಗಿನ ಕೆಳಗಿಂದ ಏನು ಕಾಣತ್ತೆ?" ಅಂದರು. ಆಮೇಲೆ ಎಂದಿನ ಗತ್ತಿನಲ್ಲೇ, "ಲೇಡಿ ನಿಧಾನಕ್ಕೇ ಬರ್ಲಿ. ನಾನು ಕಾಯ್ತೀನಿ. ನನಗೆ ಅಭ್ಯಾಸ ಇದೆ" ಅಂದರು.

ಸೀರೆಯ ಪ್ರಶ್ನೆಗೆ ಅವತ್ತು ಯಾಕೆ ಸಿಡುಕಿದ್ದರು ಅಂತ ನನಗೆ ಆಗ ಗೊತ್ತಾಯಿತು. ಅಮ್ಮನಿಗೂ ಕೇಳಿಸಿತ್ತು. ಅಡುಗೆಮನೆ ಬಾಗಿಲು ಸರಿಯಿತು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹಾಲ್ ದಾಟಿ, ಮೆಟ್ಟಿಲಿಳಿದು, ಅಷ್ಟೂ ಜನರ ನಡುವೆ ಹಾದು ಬಂದಳು. ನನ್ನ ಕೈಯಿಂದ ಕಾಯಿ ಕಿತ್ತುಕೊಂಡಳು. ಬಗ್ಗಿ ಗಾಡಿಯ ಕೆಳಗೆ ನೋಡಿ, "ಏಳಣ್ಣ ಮೇಲೆ" ಅಂದಳು.

"ಬೆಣೆ ಯಾರು ಹೊಡೀತಾರೆ?"

"ಯಾರೋ ಹೊಡೀತಾರೆ. ನೀನು ಮುಂದೆ ಬಂದು ಕುರ್ಚಿ ಮೇಲೆ ಕೂತು ನೋಡಿದ್ರೇನೇ ನಾನು ಒಡೆಯೋದು. ಇಲ್ದಿದ್ರೆ ಈಗ್ಲೇ ಒಳಗೆ ಹೋಗ್ತೀನಿ."

ಮಾವ ಹೊರಗೆ ಬಂದರು. ಮಂಡಿಯೆಲ್ಲ ಮಣ್ಣು, ತಲೆಯಲ್ಲಿ ಚೆಂಡು ಹೂವಿನ ಎಸಳು. ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ, ಹೊಸದಾಗಿ ಶಾಲೆಗೆ ಸೇರಿದವರ ಹಾಗೆ, ತೊಡೆ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತರು. ಬಾಗಲಕೋಟೆ ಒಂದು ಬೆಣೆಗೆ, ನಾನು ಒಂದು ಬೆಣೆಗೆ ನಿಂತೆವು. ಅಮ್ಮ ಗಾಡಿಯ ಮೂತಿಗೆ ಅರಿಶಿನ ಕುಂಕುಮ ಹಚ್ಚಿದಳು. ಒಂದು ಕ್ಷಣ ಯೋಚಿಸಿ, "ಬಿಸಿಬಿಸಿ" ಅಂತ ಗಟ್ಟಿಯಾಗಿ ಹೆಸರಿಟ್ಟಳು. ರಣಭೈರವಿ ಅಂದಿದ್ದವರೇ ಕೂತಲ್ಲಿಂದ ತಲೆಯಾಡಿಸಿದರು. ಆಮೇಲೆ ಅಮ್ಮ ಕೈ ಎತ್ತಿ ಒಂದೇ ಏಟಿಗೆ ಕಾಯಿ ಒಡೆದಳು. ಬೀದಿಯ ಜನ ಹೋ ಅಂದರು.

ನಾವು ಬೆಣೆ ಹೊಡೆಯಬೇಕು, ಆದರೆ ಅಮ್ಮ ಕೈ ಅಡ್ಡ ಹಿಡಿದಳು. ಅವಳು ಮಾವನನ್ನೇ ನೋಡುತ್ತಿದ್ದಳು. ನಾವೂ ತಿರುಗಿ ನೋಡಿದೆವು. ಮಾವ ಕುರ್ಚಿಯ ತುದಿಯಲ್ಲಿ ಕೂತು, ಕತ್ತು ಓರೆ ಮಾಡಿ ಕಿವಿಗೊಟ್ಟು, ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಿದ್ದರು!

"ಒಡೀತಾ?" ಅಂತ ಪಿಸುಗುಟ್ಟಿದರು. "ಸದ್ದು ಚೆನ್ನಾಗಿ ಬಂತು. ಒಂದೇ ಏಟು, ಅಲ್ವಾ?"

ಯಾರೂ ನಗಲಿಲ್ಲ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಂದು ಕಾಯಿ ಒಡೆಯೋಕೆ ಹೆದರಿ ಬಾಗಿಲ ಹಿಂದೆ ನಿಂತಿದ್ದವಳು ಇಡೀ ಬೀದಿಗೆ ಕೇಳುವ ಹಾಗೆ ನನ್ನನ್ನು ಕೂಗಿದಳು.

"ಹೋಗೇ, ಒಳಗಿಂದ ಇನ್ನೊಂದು ಕಾಯಿ ತಗೊಂಡು ಬಾ. ಅಣ್ಣ, ಕಣ್ಣು ಬಿಡು. ನೀನು ನೋಡೋ ತನಕ ಒಡೀತಾನೇ ಇರ್ತೀನಿ."